ಮನೆಯಲ್ಲೇ ಮಾಡಿಕೊಳ್ಳುವ ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ತುಟಿಗೆ ಮುಲಾಮು, ತಲೆಗೆ ಪುಡಿ, ಗಂಟಲಿಗೆ ಕಷಾಯ ಎಂದು ಮನೆಯಲ್ಲೇ ಏನಾದರೊಂದು ಮಾಡಿಕೊಳ್ಳುವವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಎಚ್ಚರ ಹೆಚ್ಚು ಬೇಕಾದವು ಕೊನೆಗೆ. ಟೀ ಚಮಚ ಎಂದಲ್ಲೆಲ್ಲ 5 ಮಿಲಿಲೀಟರ್ ಹಿಡಿಯುವ ಚಮಚ, ಅದೂ ತಲೆ ಸವರಿದ ಅಳತೆ.

## ಶುರು ಮಾಡುವವರಿಗೆ

ಇದುವರೆಗೆ ಏನೂ ಮಾಡಿಲ್ಲ. ಮೊದಲು ಯಾವುದನ್ನು ಮಾಡಲಿ?

ತುಟಿಯ ಮುಲಾಮು ಮಾಡಿ. ಮೂರೇ ವಸ್ತು ಸಾಕು, ಕೆಡಿಸುವುದೇ ಕಷ್ಟ. ಜೇನುಮೇಣ 10 ಗ್ರಾಂ, ಕೊಬ್ಬರಿ ಎಣ್ಣೆ 15 ಗ್ರಾಂ, ಬಾದಾಮಿ ಅಥವಾ ಆಲಿವ್ ಎಣ್ಣೆ 15 ಗ್ರಾಂ. ಒಂದು ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಗಾಜಿನ ಬಟ್ಟಲಿಟ್ಟು ಮೇಣವನ್ನು ಕರಗಿಸಿ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಾಗಾಗಿ ನೇರ ಉರಿಯ ಅಗತ್ಯವೇ ಇಲ್ಲ. ಕರಗಿದ ಮೇಲೆ ಎಣ್ಣೆಗಳನ್ನು ಸೇರಿಸಿ ಕಲಸಿ.

ಡಬ್ಬಿಗೆ ಸುರಿಯುವ ಮೊದಲು ಒಂದು ಕೆಲಸವಿದೆ. ತಣ್ಣನೆಯ ಚಮಚವನ್ನು ಮಿಶ್ರಣದಲ್ಲಿ ಅದ್ದಿ, ಎರಡು ನಿಮಿಷ ಫ್ರಿಜ್‌ನಲ್ಲಿಡಿ. ಹೊರಗೆ ತೆಗೆದು ಬೆರಳಿನಿಂದ ಉಜ್ಜಿ ನೋಡಿ. ಉಗುರಿನಿಂದ ಕೆರೆದರೆ ಮಾತ್ರ ಬರುವಷ್ಟು ಗಟ್ಟಿಯಾಗಿದ್ದರೆ ಎಣ್ಣೆ ಸಾಲದು. ಮುಟ್ಟಿದ ಕೂಡಲೇ ಜಾರಿ ಹರಿದರೆ ಮೇಣ ಸಾಲದು. ಬಟ್ಟಲನ್ನು ಮತ್ತೆ ಬಿಸಿ ಮಾಡಿ ಸರಿಪಡಿಸಿಕೊಳ್ಳಬಹುದು. ಇದೇ ಮುಲಾಮು ಒಡೆದ ಹಿಮ್ಮಡಿಗೂ ಆಗುತ್ತದೆ. ಸ್ನಾನವಾದ ಮೇಲೆ ಪಾದ ಇನ್ನೂ ತುಸು ತೇವವಾಗಿರುವಾಗಲೇ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ.

ಮಾಡಿಟ್ಟದ್ದು ಎಷ್ಟು ದಿನ ಇರುತ್ತದೆ?

ಅದರಲ್ಲಿ ನೀರಿದೆಯೇ ಇಲ್ಲವೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮನೆಯ ತಯಾರಿಕೆಯಲ್ಲಿ ಬೇರೇನೂ ಕಲಿಯದಿದ್ದರೂ ಇದೊಂದನ್ನು ಕಲಿಯಿರಿ. ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯಲು ನೀರು ಬೇಕು. ಬರೀ ಎಣ್ಣೆ ಮತ್ತು ಮೇಣದಿಂದ ಮಾಡಿದ್ದು ತಂಪು ಜಾಗದಲ್ಲಿ ಆರು ತಿಂಗಳು ಆರಾಮವಾಗಿ ಇರುತ್ತದೆ. ಚೆನ್ನಾಗಿ ಒಣಗಿಸಿದ ಪುಡಿಗಳೂ ಅಷ್ಟೇ. ಮೊಸರು, ಹಣ್ಣಿನ ತಿರುಳು, ಹಾಲು, ಕಷಾಯ, ಪನ್ನೀರು ಇವುಗಳಲ್ಲಿ ಯಾವುದೇ ಒಂದು ಸೇರಿದರೂ ಅದನ್ನು ಅಂದೇ ಬಳಸಬೇಕು. ಫ್ರಿಜ್‌ನಲ್ಲಿಟ್ಟರೆ ಹೆಚ್ಚೆಂದರೆ ಎರಡು ಮೂರು ದಿನ.

ಜೇನುತುಪ್ಪದಲ್ಲೂ ನೀರಿದೆಯಲ್ಲ ಎಂದು ಕೇಳುತ್ತಾರೆ. ಅದರಲ್ಲಿ ಸಕ್ಕರೆ ಎಷ್ಟು ದಟ್ಟವಾಗಿದೆಯೆಂದರೆ ಸೂಕ್ಷ್ಮಜೀವಿಗಳ ಪಾಲಿಗೆ ನೀರು ಸಿಗುವುದಿಲ್ಲ. ಅದಕ್ಕೆ ಒಂದು ಚಮಚ ನೀರು ಬೆರೆಸಿದರೆ ಆ ರಕ್ಷಣೆ ಹೋಯಿತು.

ಕೆಟ್ಟದ್ದೆಲ್ಲ ವಾಸನೆ ಬರುತ್ತದೆ ಎಂದು ನಂಬಬೇಡಿ. ಕಣ್ಣಿಗೂ ಮೂಗಿಗೂ ಗೊತ್ತಾಗುವ ಮೊದಲೇ ಸೂಕ್ಷ್ಮಜೀವಿಗಳು ಲಕ್ಷಗಟ್ಟಲೆ ಆಗಿರಬಹುದು. ಒದ್ದೆ ಬೆರಳನ್ನು ಎಣ್ಣೆಯ ಡಬ್ಬಿಗೆ ಹಾಕುವುದೂ ನೀರು ಸೇರಿಸಿದ ಹಾಗೆಯೇ. ಒಣ ಚಮಚ ಬಳಸಿ, ಡಬ್ಬಿಯನ್ನು ಬಚ್ಚಲುಮನೆಯಲ್ಲಿ ಇಡಬೇಡಿ, ಮೇಲೆ ತಯಾರಿಸಿದ ದಿನಾಂಕ ಬರೆಯಿರಿ.

ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿದರೆ ಕೆಡುವುದಿಲ್ಲ ಎನ್ನುತ್ತಾರಲ್ಲ?

ಎಣ್ಣೆ ಕಮಟು ಹಿಡಿಯುವುದನ್ನು ಅದು ತಡವಾಗಿಸುತ್ತದೆ, ಅಷ್ಟೇ. ಗಾಳಿಯ ಆಮ್ಲಜನಕದಿಂದ ಎಣ್ಣೆಯನ್ನು ಕಾಯುವುದು ಬೇರೆ, ಬ್ಯಾಕ್ಟೀರಿಯಾ ಕೊಲ್ಲುವುದು ಬೇರೆ. ಎರಡನೆಯದು ವಿಟಮಿನ್ ಇಯಿಂದ ಆಗುವುದಿಲ್ಲ.

ಗಿಡದಿಂದ ಬಂದದ್ದೇ ತಾನೇ, ಅದಕ್ಕೂ ಪರೀಕ್ಷೆ ಬೇಕೆ?

ಬೇಕು. ಚರ್ಮಕ್ಕೆ ಅಲರ್ಜಿ ತರುವ ವಸ್ತುಗಳಲ್ಲಿ ಗಿಡಮೂಲದವು ಬೇಕಾದಷ್ಟಿವೆ. ಮೊಣಕೈ ಒಳಮಡಿಕೆಯ ಹತ್ತಿರ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ ಹಚ್ಚುತ್ತಾ ಏಳರಿಂದ ಹತ್ತು ದಿನ ನೋಡಿ. ಒಂದೇ ದಿನ ನೋಡಿ ಬಿಡುವುದು ಸಾಲದು, ಏಕೆಂದರೆ ಅಲರ್ಜಿ ಎರಡು ಮೂರು ದಿನ ಬಿಟ್ಟು ಕಾಣಿಸಿಕೊಳ್ಳುವುದೇ ಹೆಚ್ಚು. ತೊಳೆದು ತೆಗೆಯುವ ಲೇಪವಾದರೆ ಅದನ್ನು ಮಾಮೂಲಾಗಿ ಎಷ್ಟು ಹೊತ್ತು ಬಿಡುತ್ತೀರೋ ಅಷ್ಟೇ ಹೊತ್ತು ಬಿಟ್ಟು ತೊಳೆಯಿರಿ.

## ಚರ್ಮ

ಕಲೆ ಹೋಗಲು ಮುಖಕ್ಕೆ ನಿಂಬೆರಸ ಹಚ್ಚಬಹುದೇ?

ಬೇಡ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಆರೋಗ್ಯವಂತ ಚರ್ಮದ ಮೇಲ್ಮೈ ಸಣ್ಣದಾಗಿ ಹುಳಿ, ಪಿಎಚ್ ಸುಮಾರು 5. ನಿಂಬೆರಸದ ಪಿಎಚ್ 2ರ ಆಸುಪಾಸು. ಈ ಅಳತೆಯಲ್ಲಿ ಒಂದೊಂದು ಅಂಕಿ ಇಳಿದಾಗಲೂ ಹುಳಿ ಹತ್ತು ಪಟ್ಟು ಏರುತ್ತದೆ; ಅಂದರೆ ಚರ್ಮಕ್ಕಿಂತ ಸಾವಿರ ಪಟ್ಟು ಹುಳಿಯನ್ನು ಕೆನ್ನೆಗೆ ಬಳಿಯುತ್ತಿದ್ದೀರಿ.

ಅದಕ್ಕಿಂತ ದೊಡ್ಡ ಅಪಾಯ ಬಿಸಿಲಿನದು. ನಿಂಬೆ ಜಾತಿಯ ಹಣ್ಣುಗಳಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರನೊಕೌಮರಿನ್ ಎಂಬ ವಸ್ತುಗಳಿವೆ. ಇವು ಚರ್ಮದ ಮೇಲಿರುವಾಗ ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಸುಟ್ಟ ಹಾಗೆ ಕೆಂಪಾಗುತ್ತದೆ, ಬೊಬ್ಬೆಯೂ ಏಳಬಹುದು. ಅದು ವಾಸಿಯಾದ ಮೇಲೆ ಉಳಿಯುವ ಕಂದು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಕಲೆ ತೆಗೆಯಲು ಹೋದವರು ಹೊಸ ಕಲೆಯೊಂದಿಗೆ ಉಳಿಯುತ್ತಾರೆ.

ಕಲೆ ಕಪ್ಪಾಗದಂತೆ ತಡೆಯುವುದರಲ್ಲಿ ಟೋಪಿ ಮತ್ತು ಸನ್‌ಸ್ಕ್ರೀನ್‌ಗೆ ಸಮನಾದದ್ದು ಅಡುಗೆಮನೆಯಲ್ಲಿಲ್ಲ. ಮುಖಕ್ಕೆ ಏನಾದರೂ ಹಚ್ಚಲೇಬೇಕು ಎನಿಸಿದರೆ ತಾಜಾ ಮೊಸರನ್ನು ಹತ್ತು ನಿಮಿಷ ಹಚ್ಚಿ ತೊಳೆಯಿರಿ. ಅದರ ಲ್ಯಾಕ್ಟಿಕ್ ಆಮ್ಲ ತೀರಾ ಸೌಮ್ಯ. ಹೆಚ್ಚಿನ ಪವಾಡ ನಿರೀಕ್ಷಿಸಬೇಡಿ, ಚರ್ಮ ಆ ದಿನಕ್ಕೆ ಮೆತ್ತಗಾಗುತ್ತದೆ.

ಮೈಯೆಲ್ಲ ಒಣಗಿ ತುರಿಸುತ್ತದೆ. ಮನೆಯಲ್ಲಿ ಏನು ಮಾಡಬಹುದು?

ಓಟ್ಸ್. ಮನೆಮದ್ದುಗಳ ಪಟ್ಟಿಯಲ್ಲಿ ಇಷ್ಟು ಗಟ್ಟಿಯಾದ ಆಧಾರವಿರುವುದು ಬೆರಳೆಣಿಕೆಯಷ್ಟು ಮಾತ್ರ. ನುಣ್ಣಗೆ ಪುಡಿ ಮಾಡಿದ ಓಟ್ಸನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2003ರಲ್ಲಿ ಚರ್ಮರಕ್ಷಕ ಎಂದು ಅಂಗೀಕರಿಸಿತು. ಅದರ ಪಿಷ್ಟ ಮತ್ತು ಬೀಟಾ ಗ್ಲೂಕನ್ ಚರ್ಮದ ಮೇಲೆ ತೆಳುವಾದ ಪದರವಾಗಿ ಕುಳಿತು ತೇವ ಹಿಡಿಯುತ್ತವೆ. ಅವೆನಾಂತ್ರಮೈಡ್ ಎಂಬ ಸಂಯುಕ್ತಗಳು ತುರಿಕೆಯನ್ನು ತಗ್ಗಿಸುತ್ತವೆ.

ಸಿಹಿ, ಪರಿಮಳ ಏನೂ ಸೇರದ ಬರೀ ಓಟ್ಸ್ ಒಂದು ಬಟ್ಟಲು ತೆಗೆದುಕೊಂಡು ಮಿಕ್ಸಿಯಲ್ಲಿ ಪುಡಿ ಮಾಡಿ. ಎಷ್ಟು ನುಣ್ಣಗಾಗಬೇಕು ಎಂಬುದಕ್ಕೆ ಒಂದು ಲೋಟ ನೀರೇ ಪರೀಕ್ಷೆ. ಒಂದು ಚಮಚ ಪುಡಿ ಹಾಕಿ ಕಲಕಿ. ನೀರು ಹಾಲಿನ ಬಣ್ಣಕ್ಕೆ ತಿರುಗಿ, ಬೆರಳದ್ದಿದರೆ ರೇಷ್ಮೆಯಂತೆ ಜಾರಿದರೆ ಸರಿಯಾಗಿದೆ. ಚೂರುಗಳು ತಳಕ್ಕಿಳಿದು ಮೇಲಿನ ನೀರು ತಿಳಿಯಾಗಿಯೇ ಉಳಿದರೆ ಇನ್ನೊಮ್ಮೆ ತಿರುವಬೇಕು.

ಟಬ್ ಇದ್ದರೆ ಉಗುರು ಬೆಚ್ಚಗಿನ ನೀರಿಗೆ ಈ ಬಟ್ಟಲು ಪುಡಿಯನ್ನು ಬೆರೆಸಿ ಹದಿನೈದು ನಿಮಿಷ ಕುಳಿತುಕೊಳ್ಳಿ. ಏಳುವಾಗ ಜೋಪಾನ, ಟಬ್ ಜಾರುತ್ತದೆ. ಬಕೆಟ್ ಸ್ನಾನವಾದರೆ ಪುಡಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ಅದ್ದಿ ಹಿಂಡುತ್ತಾ ಮೈಗೆ ಒತ್ತಿಕೊಳ್ಳಿ. ಸ್ನಾನವಾದ ಮೇಲೆ ಉಜ್ಜಿ ಒರೆಸದೆ ಒತ್ತಿ ಒರೆಸಿ, ಮೂರು ನಿಮಿಷದೊಳಗೆ ಎಣ್ಣೆಯನ್ನೋ ಮುಲಾಮನ್ನೋ ಹಚ್ಚಿ. ಬಿಸಿಬಿಸಿ ನೀರಿನ ಸ್ನಾನ ನಿಲ್ಲಿಸದೆ ಇದ್ಯಾವುದನ್ನು ಮಾಡಿದರೂ ಪ್ರಯೋಜನ ಅರ್ಧವೇ.

ಲೋಳೆಸರ ಎಲ್ಲರಿಗೂ ತಂಪು ಎನ್ನುತ್ತಾರೆ, ನನಗೆ ಹಚ್ಚಿದರೆ ತುರಿಕೆ. ಯಾಕೆ?

ಎಲೆಯ ಸಿಪ್ಪೆಯ ಒಳಗೆ ಹಳದಿ ಹಾಲಿನ ಪದರವೊಂದಿದೆ. ತುರಿಕೆಗೆ ಹೆಚ್ಚಾಗಿ ಅದೇ ಕಾರಣ. ಎಲೆಯನ್ನು ಬುಡದಲ್ಲಿ ಕತ್ತರಿಸಿ, ಕತ್ತರಿಸಿದ ಭಾಗ ಕೆಳಗೆ ಬರುವಂತೆ ಲೋಟದಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ. ಹಳದಿ ರಸ ತೊಟ್ಟಿಕ್ಕಿ ಇಳಿಯುತ್ತದೆ. ಆಮೇಲೆ ಮುಳ್ಳಿನ ಅಂಚು, ಸಿಪ್ಪೆ ತೆಗೆದು, ಒಳಗಿನ ಗಾಜಿನಂಥ ತಿರುಳನ್ನು ನೀರಿನಲ್ಲಿ ತೊಳೆದು ಬಳಸಿ. ತಿರುಳು ಹೊರಗಿಟ್ಟರೆ ಒಂದೇ ದಿನಕ್ಕೆ ಹಾಳು. ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿದರೆ ಬೇಕಾದಾಗ ಒಂದೊಂದೇ ತುಂಡು ತೆಗೆಯಬಹುದು. ಹಳದಿ ರಸ ತೀವ್ರ ಭೇದಿಕಾರಕ, ಹೊಟ್ಟೆಗೆ ಹೋಗಬಾರದು. ತೊಳೆದ ತಿರುಳಿನಿಂದಲೂ ತುರಿಕೆಯಾದರೆ ಆ ಗಿಡವೇ ನಿಮಗೆ ಒಗ್ಗದು.

ಕೊಬ್ಬರಿ ಎಣ್ಣೆ ಮುಖಕ್ಕೆ ಹಚ್ಚಿದರೆ ಮೊಡವೆ ಬರುತ್ತದೆಯೇ?

ಮೊಡವೆ ಏಳುವ ಸ್ವಭಾವದ ಚರ್ಮವಾದರೆ ಬರಬಹುದು. ಕೈಕಾಲಿಗೆ ಹಚ್ಚಿ, ಮುಖಕ್ಕೆ ಬೇಡ.

ಸ್ಕ್ರಬ್ ಮಾಡಲು ಸಕ್ಕರೆ ಒಳ್ಳೆಯದೋ ಉಪ್ಪೋ?

ಸಕ್ಕರೆ. ನೀರು ತಾಗುತ್ತಿದ್ದಂತೆ ಅದರ ಅಂಚು ಕರಗುತ್ತದೆ, ಗಾಯಕ್ಕೆ ಉರಿಯುವುದಿಲ್ಲ. ಸಣ್ಣ ಸಕ್ಕರೆ ಎರಡು ಪಾಲು, ಎಣ್ಣೆ ಒಂದು ಪಾಲು. ವಾರಕ್ಕೊಮ್ಮೆ, ಮೊಣಕೈ ಮೊಣಕಾಲು ಪಾದಗಳಿಗೆ. ಮುಖಕ್ಕೆ ಅದನ್ನೂ ಉಜ್ಜಬೇಡಿ. ಕಡಲೆಹಿಟ್ಟು ಅಥವಾ ಓಟ್ಸ್ ಪುಡಿಯನ್ನು ನೀರಿನಲ್ಲಿ ಕಲಸಿ ಹಚ್ಚಿ, ಒಣಗಿ ಬಿರಿಯುವ ಮೊದಲೇ ತೊಳೆದುಬಿಡಿ. ಅಕ್ರೋಟಿನ ಚಿಪ್ಪಿನ ಪುಡಿಯಂಥವು ಚರ್ಮವನ್ನು ಗೀರುತ್ತವೆ.

ಕಂಕುಳ ವಾಸನೆಗೆ ಅಡುಗೆ ಸೋಡಾ ಹಚ್ಚಿದೆ. ವಾಸನೆ ಹೋಯಿತು, ಚರ್ಮ ಕೆಂಪಾಯಿತು.

ಸೋಡಾ ಕ್ಷಾರ, ಪಿಎಚ್ 8ಕ್ಕಿಂತ ಮೇಲೆ. ವಾಸನೆಯ ಹುಳಿಯನ್ನು ಅದು ತಟಸ್ಥಗೊಳಿಸುವುದು ನಿಜ, ಚರ್ಮದ ಹುಳಿ ಪದರವನ್ನು ಕೆಡಿಸುವುದೂ ಅಷ್ಟೇ ನಿಜ. ಅದರ ಬದಲು ಪಟಿಕದ ಗಟ್ಟಿಯನ್ನು ಒದ್ದೆ ಮಾಡಿ ಕಂಕುಳಿಗೆ ಒಮ್ಮೆ ಸವರಿ. ಬೆವರನ್ನು ಅದು ಅಷ್ಟಾಗಿ ತಡೆಯುವುದಿಲ್ಲ, ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಬಳಸಿದ ಮೇಲೆ ಗಟ್ಟಿಯನ್ನು ಒರೆಸಿಡಿ. ಕ್ಷೌರ ಮಾಡಿದ ಚರ್ಮಕ್ಕೆ ಅಂದು ಹಚ್ಚಿದರೆ ಉರಿಯುತ್ತದೆ. ಈಗಾಗಲೇ ಕೆಂಪಾಗಿದ್ದರೆ ವಾಸಿಯಾಗುವವರೆಗೆ ಬರೀ ನೀರು ಸಾಕು.

## ಕೂದಲು, ಹಲ್ಲು

ತಲೆಹೊಟ್ಟಿಗೆ ರಾತ್ರಿಯಿಡೀ ಎಣ್ಣೆ ಹಚ್ಚಿಡುತ್ತೇನೆ. ಕಡಿಮೆಯಾಗುತ್ತಿಲ್ಲವಲ್ಲ?

ಕಡಿಮೆಯಾಗದಿರುವುದಕ್ಕೆ ಎಣ್ಣೆಯೇ ಕಾರಣವಿರಬಹುದು. ತಲೆಹೊಟ್ಟಿನ ಹಿಂದಿರುವುದು ಮಲಸೀಜಿಯಾ ಎಂಬ ಶಿಲೀಂಧ್ರ. ಅದು ಎಲ್ಲರ ತಲೆಯಲ್ಲೂ ಇರುತ್ತದೆ, ಕೊಬ್ಬಿನಾಮ್ಲ ತಿಂದು ಬದುಕುತ್ತದೆ. ರಾತ್ರಿಯಿಡೀ ಎಣ್ಣೆಯಲ್ಲಿ ನೆನೆದ ನೆತ್ತಿ ಎಂದರೆ ಅದಕ್ಕೆ ಸುಗ್ಗಿ. ಎಣ್ಣೆ ಹಚ್ಚಿದ ದಿನ ಹೊಟ್ಟು ಕಾಣುವುದಿಲ್ಲ, ಅಂಟಿಕೊಂಡಿರುತ್ತದೆ. ಅದರಿಂದಲೇ ವಾಸಿಯಾಯಿತೆಂಬ ಭ್ರಮೆ. ಕೀಟೊಕೊನಜೋಲ್ ಅಥವಾ ಜಿಂಕ್ ಪೈರಿಥಿಯೋನ್ ಇರುವ ಶಾಂಪೂವನ್ನು ಐದು ನಿಮಿಷ ನೆತ್ತಿಯ ಮೇಲೆ ಬಿಟ್ಟು ತೊಳೆಯುವುದೇ ಇಲ್ಲಿ ಸರಿಯಾದ ದಾರಿ. ಮನೆಯಲ್ಲಿ ಮಾಡಿದ್ದೇ ಬೇಕೆಂಬ ಹಟ ಇಲ್ಲಿ ಬೇಡ.

ಹಾಗಾದರೆ ತಲೆಗೆ ಎಣ್ಣೆ ಹಚ್ಚುವುದೇ ವ್ಯರ್ಥವೇ?

ಇಲ್ಲ, ಕೂದಲಿನ ಎಳೆಗೆ ಕೊಬ್ಬರಿ ಎಣ್ಣೆ ಒಳ್ಳೆಯದೇ. ಅದರಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲದ ಅಣು ಸಣ್ಣದು, ನೇರ. ಕೂದಲಿನ ಒಳಕ್ಕೆ ಇಳಿಯುತ್ತದೆ. ಕೊಬ್ಬರಿ, ಸೂರ್ಯಕಾಂತಿ, ಖನಿಜ ಎಣ್ಣೆಗಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ತಲೆ ತೊಳೆಯುವ ಒಂದೆರಡು ಗಂಟೆ ಮೊದಲು, ನೆತ್ತಿ ಬಿಟ್ಟು, ಕೂದಲಿನ ಉದ್ದಕ್ಕೂ ತುದಿಯವರೆಗೆ ಸವರಿ. ಇದರಿಂದ ಕೂದಲು ಮುರಿಯುವುದು ಕಡಿಮೆಯಾಗುತ್ತದೆ. ಉದುರಿದ ಜಾಗದಲ್ಲಿ ಹೊಸ ಕೂದಲು ಹುಟ್ಟುವುದಿಲ್ಲ.

ಅಂಟುವಾಳದಿಂದ ಶಾಂಪೂ ಮಾಡುವುದು ಹೇಗೆ?

ಬೀಜ ತೆಗೆದ ಅಂಟುವಾಳದ ಎಂಟು ಹತ್ತು ಕಾಯಿಗಳ ಸಿಪ್ಪೆಯನ್ನು ಎರಡು ಲೋಟ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಗ್ಗೆ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕುದಿಸಿ, ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ ಸೋಸಿ. ಸಪೋನಿನ್ ಎಂಬ ವಸ್ತುವಿನಿಂದ ಇದು ನೊರೆ ಬರುತ್ತದೆ, ಎಣ್ಣೆ ಬಿಡಿಸುತ್ತದೆ. ಪೇಟೆಯ ಶಾಂಪೂವಿನಷ್ಟು ನೊರೆ ಇರುವುದಿಲ್ಲ, ಅದಕ್ಕಾಗಿ ಹೆಚ್ಚು ಹೆಚ್ಚು ಸುರಿದುಕೊಳ್ಳಬೇಡಿ. ಕಣ್ಣಿಗೆ ಬಿದ್ದರೆ ವಿಪರೀತ ಉರಿಯುತ್ತದೆ. ತಲೆ ಹಿಂದಕ್ಕೆ ಬಾಗಿಸಿಯೇ ತೊಳೆಯಬೇಕು, ಚಿಕ್ಕ ಮಕ್ಕಳಿಗೆ ಇದು ಬೇಡ. ನೀರಿನ ತಯಾರಿಕೆಯಾದ್ದರಿಂದ ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.

ಹಲ್ಲು ಬಿಳಿಯಾಗಲು ಇದ್ದಿಲ ಪುಡಿ, ನಿಂಬೆ, ಸೋಡಾ: ಯಾವುದು ಸರಿ?

ನಿಂಬೆ ಖಂಡಿತ ಬೇಡ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್ ಕರಗಲು ಶುರುವಾಗುತ್ತದೆ, ಕರಗಿದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಇದ್ದಿಲು ಹಲ್ಲನ್ನು ಸವೆಸುತ್ತದೆ. ಎನಾಮಲ್ ಸವೆದಷ್ಟೂ ಒಳಗಿನ ಹಳದಿ ಡೆಂಟಿನ್ ಎದ್ದು ಕಾಣುತ್ತದೆ, ಅಂದರೆ ಬಯಸಿದ್ದಕ್ಕೆ ಉಲ್ಟಾ. ಅಡುಗೆ ಸೋಡಾ ಮೆದು, ಹೆಚ್ಚು ಸವೆಸದು, ಆದರೆ ಅದರಲ್ಲಿ ಫ್ಲೋರೈಡ್ ಇಲ್ಲ; ಹುಳುಕನ್ನು ತಡೆಯುವುದು ಫ್ಲೋರೈಡ್. ಆದ್ದರಿಂದ ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟ್ ಇರಲೇಬೇಕು.

ಮನೆಯಲ್ಲಿ ಮಾಡಿಕೊಳ್ಳಲು ಯೋಗ್ಯವಾದದ್ದು ಬಾಯಿಹುಣ್ಣಿಗೆ ಮುಕ್ಕಳಿಸುವ ನೀರು. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನಕ್ಕೆ ನಾಲ್ಕಾರು ಸಲ ಮುಕ್ಕಳಿಸಿ ಉಗುಳಿ. ಮೂರು ವಾರದಲ್ಲಿ ವಾಸಿಯಾಗದ ಹುಣ್ಣನ್ನು ವೈದ್ಯರಿಗೆ ತೋರಿಸಲೇಬೇಕು.

## ನೆಗಡಿ, ಗಂಟಲು, ಹೊಟ್ಟೆ

ಗಂಟಲು ನೋವಿಗೆ ಎಲ್ಲಕ್ಕಿಂತ ಸುಲಭವಾದದ್ದು ಏನು?

ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಗಳಗಳಿಸುವುದು. ಊತಕ್ಕೆ ಆರಾಮವೆನಿಸುತ್ತದೆ, ಸೋಂಕನ್ನು ಅದು ಕೊಲ್ಲುವುದಿಲ್ಲ. ಕೆಮ್ಮು ಇದ್ದರೆ ಮಲಗುವ ಮುನ್ನ ಒಂದು ಟೀ ಚಮಚ ಜೇನುತುಪ್ಪ. ಮಕ್ಕಳ ರಾತ್ರಿಯ ಕೆಮ್ಮಿಗೆ ಜೇನುತುಪ್ಪದಿಂದ ಉಪಶಮನ ಸಿಗುವುದನ್ನು ಅಧ್ಯಯನಗಳೂ ತೋರಿಸಿವೆ.

ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ನೆಕ್ಕಿಸಲೂಬಾರದು. ಅದರಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯುವುದಿಲ್ಲ, ಹಸುಳೆಯ ಕರುಳಿನಲ್ಲಿ ಬೆಳೆದು ನರಗಳನ್ನು ನಿಶ್ಚಲಗೊಳಿಸುವ ವಿಷ ಬಿಡುತ್ತವೆ. ಜೇನುತುಪ್ಪವನ್ನು ಕುದಿಸಿದರೂ ಆ ಬೀಜಕಣ ಸಾಯುವುದಿಲ್ಲ. ಹಿರಿಯರು ಪ್ರೀತಿಯಿಂದ ಕೊಡಲು ಬಂದರೂ ವಿನಯದಿಂದಲೇ ತಡೆಯಿರಿ.

ಮೂಗು ಕಟ್ಟಿದಾಗ ಬಿಸಿನೀರಿನ ಪಾತ್ರೆಗೆ ಮುಖವೊಡ್ಡಿ ಹಬೆ ತೆಗೆದುಕೊಳ್ಳಬಹುದೇ?

ಈ ರೂಢಿಯನ್ನು ಬಿಡಿಸಲು ನನಗೆ ಬಹಳ ಆಸೆ. ಹಬೆಯಿಂದ ನೆಗಡಿ ಬೇಗ ವಾಸಿಯಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಕುದಿನೀರಿನ ಪಾತ್ರೆ ಮಗುಚಿ ತೊಡೆ, ಹೊಟ್ಟೆ ಸುಟ್ಟುಕೊಂಡವರು, ಅದರಲ್ಲೂ ಮಕ್ಕಳು, ಸುಟ್ಟಗಾಯದ ವಿಭಾಗಗಳಿಗೆ ಬರುತ್ತಲೇ ಇರುತ್ತಾರೆ. ಬಿಸಿನೀರಿನ ಸ್ನಾನ ಮಾಡುವಾಗ ಬಚ್ಚಲುಮನೆಯಲ್ಲಿ ತುಂಬುವ ಆವಿಯೇ ಸಾಕು. ಕರ್ಪೂರ, ನೀಲಗಿರಿ ಎಣ್ಣೆಯನ್ನು ಎರಡು ವರ್ಷದೊಳಗಿನ ಮಕ್ಕಳ ಮೂಗಿನ ಹತ್ತಿರವೂ ತರಬೇಡಿ. ಕರ್ಪೂರ ಸ್ವಲ್ಪ ಹೊಟ್ಟೆಗೆ ಹೋದರೂ ಮಕ್ಕಳಿಗೆ ಫಿಟ್ಸ್ ಬರಬಹುದು.

ಉಪ್ಪುನೀರಿನಿಂದ ಮೂಗು ತೊಳೆಯುವುದು?

ಕಟ್ಟಿದ ಮೂಗಿಗೆ ಇದು ಹಬೆಗಿಂತ ಎಷ್ಟೋ ಮೇಲು. ಅರ್ಧ ಲೀಟರ್ ನೀರಿಗೆ ಅಯೋಡಿನ್ ಇಲ್ಲದ ಉಪ್ಪು ನಾಲ್ಕೂವರೆ ಗ್ರಾಂ, ಅಂದರೆ ಸುಮಾರು ಮುಕ್ಕಾಲು ಟೀ ಚಮಚ. ನಮ್ಮ ರಕ್ತದ ಉಪ್ಪಿನಂಶಕ್ಕೆ ಇದು ಸಮ, ಆದ್ದರಿಂದ ಉರಿಯುವುದಿಲ್ಲ. ನಲ್ಲಿಯ ನೀರನ್ನು ನೇರವಾಗಿ ಬಳಸಲೇಬಾರದು. ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಕುಡಿದರೆ ಏನೂ ಮಾಡದು, ಮೂಗಿನಿಂದ ಮಿದುಳಿಗೆ ಏರಿದರೆ ಬದುಕುಳಿಯುವವರು ತೀರಾ ಅಪರೂಪ. ನೀರನ್ನು ಕೊತಕೊತ ಒಂದು ನಿಮಿಷ ಕುದಿಸಿ, ಎತ್ತರದ ಬೆಟ್ಟಪ್ರದೇಶವಾದರೆ ಮೂರು ನಿಮಿಷ; ಆರಿಸಿ ಬಳಸಿ. ಪಾತ್ರೆಯನ್ನು ಪ್ರತಿ ಸಲ ತೊಳೆದು ಒಣಗಿಸಿ.

ಭೇದಿಯಾದಾಗ ಸಕ್ಕರೆ ಉಪ್ಪಿನ ನೀರಿನ ಸರಿಯಾದ ಅಳತೆ ಯಾವುದು?

ಕುದಿಸಿ ಆರಿಸಿದ ನೀರು ಒಂದು ಲೀಟರ್, ಸಕ್ಕರೆ ಆರು ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಚಮಚದ ತಲೆ ಸವರಿಯೇ ಅಳೆಯಬೇಕು. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿಯೇ ಒಳಸೇರುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಸಕ್ಕರೆ ರುಚಿಗಾಗಿ ಅಲ್ಲ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿ ಜಾಸ್ತಿ. ಗುಟುಕು ಗುಟುಕಾಗಿ ಕುಡಿಸಿ, 24 ಗಂಟೆ ಕಳೆದರೆ ಚೆಲ್ಲಿ. ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಮೇಲು, ಅದರಲ್ಲಿ ಪೊಟ್ಯಾಸಿಯಂ ಕೂಡ ಇದೆ. ರಕ್ತ ಹೋಗುತ್ತಿದ್ದರೆ, ಮೂತ್ರ ನಿಂತಿದ್ದರೆ, ಮಗು ಮಂಕಾಗಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಅಡುಗೆ ಮಾಡುವಾಗ ಕೈ ಸುಟ್ಟರೆ ಏನು ಹಚ್ಚಲಿ?

ಏನನ್ನೂ ಹಚ್ಚಬೇಡಿ. ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಉಂಗುರ, ಬಳೆ ತೆಗೆದುಬಿಡಿ. ಟೂತ್‌ಪೇಸ್ಟ್, ಬೆಣ್ಣೆ, ಐಸ್ ಮೂರೂ ಗಾಯವನ್ನು ಕೆಡಿಸುತ್ತವೆ. ಅಂಗೈಗಿಂತ ದೊಡ್ಡದಿದ್ದರೆ, ಮುಖಕ್ಕೆ, ಕೈಗೆ, ಕೀಲಿಗೆ ಆಗಿದ್ದರೆ ವೈದ್ಯರ ಬಳಿ ಹೋಗಿ.

## ಸ್ವಲ್ಪ ಕೈ ಪಳಗಿದವರಿಗೆ

ಸುಗಂಧ ತೈಲ ಎಷ್ಟು ಹನಿ ಹಾಕಬೇಕು?

ಶೇಕಡಾ 1 ಎಂದರೆ 30 ಮಿಲಿಲೀಟರ್ ಎಣ್ಣೆಗೆ ಆರು ಹನಿ. ಮುಖಕ್ಕೆ ಇದರ ಅರ್ಧ, ಮೈಗೆ ಹೆಚ್ಚೆಂದರೆ ಇದರ ಎರಡರಷ್ಟು. ನೇರವಾಗಿ ಚರ್ಮಕ್ಕೆ ಹಚ್ಚಬೇಡಿ, ನೀರಿಗೂ ಹಾಕಬೇಡಿ. ನೀರಿನಲ್ಲಿ ಬೆರೆಯದೆ ತೇಲುವ ಹನಿ ಹಾಗೆಯೇ ಮೈಗೆ ಅಂಟಿ ಉರಿಸುತ್ತದೆ. ಟೀ ಟ್ರೀ ಎಣ್ಣೆ ಹಳತಾಗಿ ಗಾಳಿ ತಾಗಿದಷ್ಟೂ ಅಲರ್ಜಿ ತರುವ ಗುಣ ಹೆಚ್ಚು, ಬಾಟಲಿ ತೆರೆದ ದಿನ ಬರೆದಿಡಿ. ಲವಂಗದ ಎಣ್ಣೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ, ನುಂಗಿದರೆ ಪಿತ್ತಜನಕಾಂಗಕ್ಕೆ ಪೆಟ್ಟು. ಮನೆಯಲ್ಲಿ ಬೆಕ್ಕಿದ್ದರೆ ಟೀ ಟ್ರೀ ಎಣ್ಣೆ ತರದಿರುವುದೇ ಲೇಸು, ಅದಕ್ಕೆ ಅದು ವಿಷ.

ಹಸಿ ಎಲೆಗಳನ್ನು ಎಣ್ಣೆಯಲ್ಲಿ ಹಾಕಿಟ್ಟಿದ್ದೆ, ಬೂಷ್ಟು ಬಂತು. ಎಲ್ಲಿ ತಪ್ಪಾಯಿತು?

ಹಸಿ ಎಲೆಯಲ್ಲಿರುವ ನೀರಿನಿಂದ. ಎಲೆ, ಹೂವನ್ನು ನೆರಳಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಮುರಿದರೆ ಸದ್ದು ಬರಬೇಕು, ಬಾಗಿದರೆ ಇನ್ನೂ ತೇವವಿದೆ. ಒಣ ಜಾಡಿಯ ಅರ್ಧದಷ್ಟು ತುಂಬಿ, ಮುಳುಗುವಷ್ಟು ಎಣ್ಣೆ ಹೊಯ್ದು, ಬಿಸಿನೀರಿನ ಪಾತ್ರೆಯೊಳಗೆ ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಇಡಿ. ಬಟ್ಟೆಯಲ್ಲಿ ಸೋಸಿ, ಒಂದು ದಿನ ಅಲುಗಿಸದೆ ಬಿಡಿ. ತಳದಲ್ಲಿ ನೀರಿನ ಗುಳ್ಳೆ ಕಂಡರೆ ಮೇಲಿನ ಎಣ್ಣೆಯನ್ನಷ್ಟೇ ಬಗ್ಗಿಸಿಕೊಳ್ಳಿ.

ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹಾಕಿ ಹೊರಗಿಡುವುದು ಇನ್ನೂ ಅಪಾಯ. ಗಾಳಿಯಿಲ್ಲದ, ಹುಳಿಯಿಲ್ಲದ ಆ ಜಾಗದಲ್ಲಿ ಮೇಲೆ ಹೇಳಿದ ಬೊಟುಲಿನಮ್ ಬೆಳೆದು ವಿಷ ಬಿಡಬಹುದು. ಆ ಎಣ್ಣೆಯನ್ನು ತಿನ್ನಲು ಬಳಸುವವರು ಅಂದೇ ಮಾಡಿ ಅಂದೇ ಮುಗಿಸಿ.

ಮುಲಾಮು ಜಿಡ್ಡೆನಿಸುತ್ತದೆ. ಪೇಟೆಯ ಕ್ರೀಮಿನಂತೆ ಹಗುರವಾಗಿ ಮಾಡಲು ಆಗುವುದಿಲ್ಲವೇ?

ಆಗುತ್ತದೆ, ಆದರೆ ಆಗ ನೀರು ಸೇರುತ್ತದೆ. ನೀರನ್ನು ಎಣ್ಣೆಯನ್ನು ಕೂಡಿಸಲು ಎಮಲ್ಸಿಫೈಯರ್ ಬೇಕು. ಜೇನುಮೇಣವೊಂದೇ ಆ ಕೆಲಸ ಮಾಡದು. ಕೆಡದಿರಲು ಸಂರಕ್ಷಕವೂ ಬೇಕು. ಫಿನಾಕ್ಸಿಎಥನಾಲ್ ಶೇಕಡಾ 1ರ ಮಿತಿಯಲ್ಲಿ ಬಳಕೆಯಲ್ಲಿದೆ. ಸೋಡಿಯಂ ಬೆಂಜೊಯೇಟ್ ಕೆಲಸ ಮಾಡುವುದು ಮಿಶ್ರಣದ ಪಿಎಚ್ 5ಕ್ಕಿಂತ ಕೆಳಗಿದ್ದಾಗ. ಗ್ರಾಂನ ಹತ್ತನೇ ಭಾಗ ತೋರಿಸುವ ತಕ್ಕಡಿ, ಪಿಎಚ್ ಪಟ್ಟಿ ಇಲ್ಲದೆ ಇದಕ್ಕೆ ಇಳಿಯಬೇಡಿ. ಸಂರಕ್ಷಕ ಎಂದರೆ ರಾಸಾಯನಿಕ ಎಂದು ಮುಖ ತಿರುಗಿಸುವವರಿಗೆ ನಾನು ಹೇಳುವುದು: ಬ್ಯಾಕ್ಟೀರಿಯಾ ತುಂಬಿದ ಕ್ರೀಮು ಅದಕ್ಕಿಂತ ಕೆಟ್ಟದ್ದು. ಅದು ಬೇಡವೆಂದರೆ ಮುಲಾಮಿನಲ್ಲೇ ಉಳಿಯಿರಿ; ಒದ್ದೆ ಚರ್ಮಕ್ಕೆ ಕಡಲೆಕಾಳಿನಷ್ಟೇ ಹಚ್ಚಿದರೆ ಜಿಡ್ಡು ಕಾಡುವುದಿಲ್ಲ.

ಸನ್‌ಸ್ಕ್ರೀನ್ ಮನೆಯಲ್ಲಿ ಮಾಡಬಹುದೇ? ಜಿಂಕ್ ಆಕ್ಸೈಡ್ ಸಿಗುತ್ತದಲ್ಲ.

ಪುಡಿ ಸಿಗುತ್ತದೆ, ಅದನ್ನು ಸಮವಾಗಿ ಹರಡುವ ಯಂತ್ರ ಮನೆಯಲ್ಲಿಲ್ಲ. ಕಣ್ಣಿಗೆ ಕಾಣದ ಗಂಟುಗಳ ನಡುವೆ ಬಿಟ್ಟ ಜಾಗಗಳಲ್ಲಿ ಬಿಸಿಲು ಸೀದಾ ಒಳಹೋಗುತ್ತದೆ. ನೀವು ಮಾಡಿದ್ದರ ಎಸ್‌ಪಿಎಫ್ ಅಳೆಯಲು ಮನೆಯಲ್ಲಿ ದಾರಿಯೂ ಇಲ್ಲ. ಕ್ಯಾರೆಟ್ ಬೀಜದ ಎಣ್ಣೆ, ಕೊಬ್ಬರಿ ಎಣ್ಣೆ ಸನ್‌ಸ್ಕ್ರೀನಿನ ಜಾಗದಲ್ಲಿ ನಿಲ್ಲುವಂಥವಲ್ಲ. ಇದನ್ನು ಕೊಂಡೇ ತನ್ನಿ.

ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಕಷಾಯ ಕುಡಿಯಬಹುದೇ?

ಅಡುಗೆಗೆ ಹಾಕುವಷ್ಟು ಶುಂಠಿ, ಅರಿಶಿನ, ಮೆಂತ್ಯದಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಅದನ್ನೇ ದಿನವೂ ಗಾಢ ಕಷಾಯವಾಗಿ, ಮಾತ್ರೆಯಾಗಿ ತೆಗೆದುಕೊಂಡರೆ ಲೆಕ್ಕ ಬೇರೆ. ಜ್ಯೇಷ್ಠಮಧುವಿನ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪುನೀರು ಹಿಡಿದಿಟ್ಟು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ; ಬಿಪಿ ಇರುವವರಿಗೆ ಅದು ಬೇಡವೇ ಬೇಡ. ಮೆಂತ್ಯ ರಕ್ತದ ಸಕ್ಕರೆ ಇಳಿಸುತ್ತದೆ, ಮಾತ್ರೆಯ ಜೊತೆ ಸೇರಿದರೆ ಅತಿಯಾಗಿ ಇಳಿಯಬಹುದು. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು ಬೆಳ್ಳುಳ್ಳಿ, ಶುಂಠಿ, ಅರಿಶಿನದ ಗಾಢ ಸಾರಗಳಿಂದ ದೂರವಿರಲಿ. ಕಾಳುಮೆಣಸಿನ ಸಾರ ಸೇರಿಸಿದ ಅರಿಶಿನದ ಕ್ಯಾಪ್ಸೂಲ್‌ಗಳಿಂದ ಕೆಲವರಿಗೆ ಪಿತ್ತಜನಕಾಂಗಕ್ಕೆ ಹಾನಿಯಾದದ್ದು ದಾಖಲಾಗಿದೆ. ಗರ್ಭಿಣಿಯರು ಯಾವ ಹೊಸ ಕಷಾಯವನ್ನೂ ವೈದ್ಯರನ್ನು ಕೇಳದೆ ಶುರುಮಾಡಬಾರದು. ಏನೇನು ಕುಡಿಯುತ್ತೀರೋ ಅದನ್ನೆಲ್ಲ ಮಾತ್ರೆಗಳ ಪಟ್ಟಿಯ ಜೊತೆಗೇ ಬರೆದು ವೈದ್ಯರಿಗೆ ತೋರಿಸಿ. ಅವರು ಕೇಳಲಿಲ್ಲವೆಂದು ಸುಮ್ಮನಿರಬೇಡಿ.

ಕಾಸ್ಟಿಕ್ ಸೋಡಾ ಇಲ್ಲದೆ ಸೋಪು ಮಾಡುವುದು ಹೇಗೆ?

ಗಟ್ಟಿ ಸೋಪು ಬೇಕೆಂದರೆ ಅದಿಲ್ಲದೆ ಆಗುವುದಿಲ್ಲ. ಎಣ್ಣೆ ಮತ್ತು ಕ್ಷಾರ ಸೇರಿ ಸೋಪು ಮತ್ತು ಗ್ಲಿಸರಿನ್ ಆಗುತ್ತವೆ. ಅಳತೆ ಸರಿಯಿದ್ದರೆ ಕೊನೆಗೆ ಸೋಪಿನಲ್ಲಿ ಕಾಸ್ಟಿಕ್ ಉಳಿಯುವುದೇ ಇಲ್ಲ. ಅದಕ್ಕೆ ಹೆದರುವವರು ಕರಗಿಸಿ ಅಚ್ಚಿಗೆ ಹಾಕುವ ಸಿದ್ಧ ಸೋಪಿನ ಗಟ್ಟಿ ತರಬಹುದು, ಅದರಲ್ಲಿ ಆ ಕೆಲಸವನ್ನು ಇನ್ನೊಬ್ಬರು ಮೊದಲೇ ಮುಗಿಸಿರುತ್ತಾರೆ.

ನೀವೇ ಮಾಡುವುದಾದರೆ ಎಲ್ಲವನ್ನೂ ತೂಕದಲ್ಲೇ ಅಳೆಯಬೇಕು, ಚಮಚ ಲೋಟಗಳ ಲೆಕ್ಕ ನಡೆಯದು. 100 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 18 ಗ್ರಾಂ ಕಾಸ್ಟಿಕ್ ಸೋಡಾ ಬೇಕಾದರೆ, ಅಷ್ಟೇ ಆಲಿವ್ ಎಣ್ಣೆಗೆ ಸುಮಾರು ಹದಿಮೂರೂವರೆ ಗ್ರಾಂ ಸಾಕು. ಲೆಕ್ಕಕ್ಕಿಂತ ಶೇಕಡಾ 5ರಷ್ಟು ಕಡಿಮೆ ಹಾಕುವುದು ವಾಡಿಕೆ, ಆಗ ತುಸು ಎಣ್ಣೆ ಉಳಿದು ಚರ್ಮಕ್ಕೆ ಹಿತ. ಕನ್ನಡಕ, ಕೈಗವಸು, ತೆರೆದ ಕಿಟಕಿ ಇರಲೇಬೇಕು. ಯಾವಾಗಲೂ ತಣ್ಣೀರಿಗೆ ಸೋಡಾ ಹಾಕಬೇಕು. ಸೋಡಾಕ್ಕೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಸರಿಯಾಗಿ ಹಾಕಿದರೂ ನೀರು ಹೊಗೆಯಾಡುವಷ್ಟು ಬಿಸಿಯಾಗುವುದರಿಂದ ಸ್ಟೀಲ್ ಪಾತ್ರೆ ಬಳಸಿ. ಅಲ್ಯುಮಿನಿಯಂ ಪಾತ್ರೆ ಬೇಡ, ಅದರೊಂದಿಗೆ ಕಾಸ್ಟಿಕ್ ಸೇರಿ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ಮಕ್ಕಳು ಮನೆಯಲ್ಲಿಲ್ಲದ ಹೊತ್ತು ನೋಡಿ ಕೆಲಸಕ್ಕೆ ಕೂತುಕೊಳ್ಳಿ, ಉಳಿದ ಸೋಡಾವನ್ನು ಹೆಸರು ಬರೆದು ಬೀಗ ಹಾಕಿಡಿ.

ಅಚ್ಚಿನಿಂದ ತೆಗೆದ ಸೋಪನ್ನು ಗಾಳಿಯಾಡುವ ಕಡೆ ನಾಲ್ಕರಿಂದ ಆರು ವಾರ ಒಣಗಲು ಬಿಡಿ. ಮೊದಲ ವಾರ ಒಂದು ತುಂಡನ್ನು ತೂಗಿ ಬರೆದಿಟ್ಟುಕೊಂಡು ಆಮೇಲೆ ವಾರಕ್ಕೊಮ್ಮೆ ತೂಗುತ್ತಾ ಹೋಗಿ. ತೂಕ ಇಳಿಯುವುದು ನಿಂತಾಗ ಅದು ಬಳಕೆಗೆ ಸಿದ್ಧ.